ಮಾವನವರ ತುರಿಕೆ ನಿಲ್ಲುತ್ತಿಲ್ಲ, ನರ ಹಾಳಾಗಿದೆಯಾ ಅಂತ ರಕ್ತದಲ್ಲಿ ಗೊತ್ತಾಗುತ್ತಾ?

ಮಂಡಕ್ಕಿ_ಮನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ವಿಷಯ ಕೇಳಬೇಕಿತ್ತು. ವಯಸ್ಸು 67, ಹತ್ತಿ ಮಿಲ್ಲಿನಲ್ಲಿ ದುಡಿದವರು, ಈಗ ಮನೆಯಲ್ಲೇ ಇದ್ದಾರೆ. ಶುಗರ್ ಇದೆ, ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ. ಹೋದ ದೀಪಾವಳಿಗೂ ಮುಂಚೆಯಿಂದ ತುರಿಕೆ. ಮೊದಲು ಬೆನ್ನು, ಆಮೇಲೆ ಎರಡೂ ಮೊಣಕಾಲಿನ ಕೆಳಗೆ. ಶುರುವಿನಲ್ಲಿ ಚರ್ಮದ ಮೇಲೆ ಏನೂ ಇರಲಿಲ್ಲ. ಈಗ ಕೆರೆದು ಕೆರೆದು ಕಾಲಿನ ಮೇಲೆ ಗಟ್ಟಿ ಗಟ್ಟಿ ಗಂಟು ಎದ್ದಿವೆ, ಒಂದೊಂದರ ತುದಿಯಲ್ಲೂ ರಕ್ತ ಒಣಗಿ ಕಪ್ಪಾಗಿರುತ್ತದೆ. ನಡುಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿ ಉಜ್ಜಿ ಭುಜದ ಎತ್ತರದಲ್ಲಿ ಬಣ್ಣವೇ ಹೋಗಿದೆ. ರಾತ್ರಿ ಒಂದೇ ಸಮ ಕರಕರ ಸದ್ದು. ಅತ್ತೆ ಈಗ ಪಕ್ಕದ ರೂಮಿನಲ್ಲಿ ಮಲಗುತ್ತಾರೆ.

ಅಲರ್ಜಿ ಮಾತ್ರೆ ಎಲ್ಲಾ ಆಯಿತು, ನಿದ್ದೆ ಬರುತ್ತದೆ, ತುರಿಕೆ ಹೋಗಲ್ಲ. ಬೆಂಗಳೂರಿನಲ್ಲಿರುವ ನಮ್ಮಣ್ಣ ನಿನ್ನೆ ಏನೋ ಕಳಿಸಿದ. ನರಕ್ಕೆ ಪೆಟ್ಟಾಗಿದ್ದರೆ ರಕ್ತದಲ್ಲಿ ಒಂದು ಪ್ರೋಟೀನ್ ಜಾಸ್ತಿ ಆಗುತ್ತದಂತೆ, ನ್ಯೂರೋಫಿಲಮೆಂಟ್ ಲೈಟ್ ಅಂತ ಹೆಸರು, ಎನ್‌ಎಫ್‌ಎಲ್ ಅಂತಾರೆ, ಬಹಳ ದಿನದ ತುರಿಕೆ ಇರುವವರಲ್ಲೂ ಅದನ್ನು ನೋಡುತ್ತಿದ್ದಾರಂತೆ. ದಾವಣಗೆರೆಯಲ್ಲಿ ಎಲ್ಲಿ ಮಾಡುತ್ತಾರೆ? ಮಾಡಿಸುವುದು ಒಳ್ಳೆಯದಾ? ದುಡ್ಡಿನ ಚಿಂತೆ ಇಲ್ಲ ಅಂತ ಅಣ್ಣ ಅಂದಿದ್ದಾನೆ. ಆದರೆ ಸುಮ್ನೆ ಸೂಜಿ ಚುಚ್ಚಿಸಿಕೊಂಡು ಬರುವುದಕ್ಕೆ ಮಾವ ಒಪ್ಪಬೇಕಲ್ವಾ.

ಪಿಬಿ_ರಸ್ತೆ (ದಾವಣಗೆರೆ)

ಮನೆಯಲ್ಲಿ ಬೇರೆ ಯಾರಿಗಾದರೂ ಕಡಿತ ಇದೆಯಾ ಅಕ್ಕ? ಬೆರಳ ಸಂದಿ, ಹೊಕ್ಕಳ ಸುತ್ತ, ರಾತ್ರಿ ಜಾಸ್ತಿ? ನಮ್ಮ ಮನೆಯಲ್ಲಿ ಅಜ್ಜನಿಗೆ ಹೀಗೇ ಆಗಿ ಎಲ್ಲರೂ ನರ, ಲಿವರ್, ಕಿಡ್ನಿ ಅಂತ ಓಡಾಡಿದೆವು. ಕಡೆಗೆ ಕಜ್ಜಿ. ಹಾಸ್ಟೆಲಿಂದ ಬಂದ ಮೊಮ್ಮಗ ತಂದಿದ್ದ. ಮನೆಮಂದಿಯೆಲ್ಲಾ ಒಂದೇ ರಾತ್ರಿ ಪರ್ಮೆಥ್ರಿನ್ ಕ್ರೀಮು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿಕೊಂಡು, ಹಾಸಿಗೆ ಹೊದಿಕೆ ಬಿಸಿನೀರಲ್ಲಿ ಒಗೆದು, ವಾರ ಬಿಟ್ಟು ಇನ್ನೊಂದು ಸಲ ಹಚ್ಚಿದ ಮೇಲೆ ಹೋಯಿತು.

ಮಂಡಕ್ಕಿ_ಮನೆ

ಇಲ್ಲ ಅಣ್ಣ, ಬೇರೆ ಯಾರಿಗೂ ಇಲ್ಲ. ಬೆರಳ ಸಂದಿಯಲ್ಲೂ ಏನಿಲ್ಲ. ಡಾಕ್ಟರು ಲೆನ್ಸ್ ಇಟ್ಟು ನೋಡಿ ಕಜ್ಜಿ ಅಲ್ಲ ಅಂದಿದ್ದಾರೆ.

ಬೇವಿನ_ಕಡ್ಡಿ (ಹರಿಹರ)

ಬೇವಿನಸೊಪ್ಪು ಅರಿಶಿಣ ಅರೆದು ಹಚ್ಚಿ ಸ್ನಾನ ಮಾಡಿಸಿ. ನಮ್ಮೂರ ಹತ್ತಿರ ಒಬ್ಬರು ಭಸ್ಮ ಕೊಡುತ್ತಾರೆ, ನರಕ್ಕೆ ಒಳ್ಳೆಯದು. ಈ ರಕ್ತ ಪರೀಕ್ಷೆ ಎಲ್ಲಾ ದುಡ್ಡು ಹೊಡೆಯೋ ಕೆಲಸ.

ಚರ್ಮದ_ಪಿಜಿ (ದಾವಣಗೆರೆ)

ಬೇವಿನಸೊಪ್ಪಿನ ಬಗ್ಗೆ ನನ್ನ ಜಗಳ ಇಲ್ಲ, ಗಾಯ ಇರುವ ಕಡೆ ಅರೆದು ತಿಕ್ಕಬೇಡಿ ಅಷ್ಟೆ. ಆದರೆ ಭಸ್ಮ ಬೇಡವೇ ಬೇಡ. ಏನು ಹಾಕಿದ್ದಾರೆ ಅಂತ ಗೊತ್ತಿಲ್ಲದ ಪುಡಿಯಲ್ಲಿ ಸೀಸ, ಪಾಷಾಣ, ಪಾದರಸ ಇರುವುದುಂಟು. ಸೀಸ, ಪಾಷಾಣ ಎರಡೂ ನರ ಕೆಡಿಸುತ್ತವೆ. ನರ ಸರಿ ಮಾಡಲು ಹೋಗಿ ನರ ಕಳಕೊಂಡು ಬರುವುದು ಯಾಕೆ?

ನಾನು ಚರ್ಮರೋಗದ ಪಿಜಿ ಓದುತ್ತಿದ್ದೇನೆ. ಇಲ್ಲಿ ಯಾರಿಗೂ ಮಾತ್ರೆ ಬರೆದು ಕೊಡಲ್ಲ, ಮೊದಲೇ ಹೇಳಿಬಿಡುತ್ತೇನೆ. ವಿಷಯ ಮಾತ್ರ ಹೇಳುತ್ತೇನೆ.

ಅಕ್ಕ, ನಿಮ್ಮಣ್ಣ ಕಳಿಸಿದ್ದು ಸುಳ್ಳಲ್ಲ. ನ್ಯೂರೋಫಿಲಮೆಂಟ್ ಅಂದರೆ ನರದ ಎಳೆಯ ಒಳಗಿರುವ ಪ್ರೋಟೀನು, ಕಾಂಕ್ರೀಟ್ ಕಂಬದೊಳಗೆ ಕಬ್ಬಿಣದ ಸರಳು ಇರುತ್ತಲ್ಲ ಹಾಗೆ. ಎಳೆ ಮುರಿದರೆ ಅದು ಹೊರಗೆ ಬೀಳುತ್ತದೆ, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಎಎಲ್‌ಎಸ್ (ಸ್ನಾಯು ಆಡಿಸುವ ನರಗಳು ಸಾಯುತ್ತಾ ಹೋಗುವ ಕಾಯಿಲೆ), ಗಿಯಾನ್ ಬಾರೆ ಅನ್ನುವ ನರದ ಕಾಯಿಲೆಗಳು, ಕ್ಯಾನ್ಸರ್ ಕಿಮೋದಿಂದ ಆಗುವ ನರದ ತೊಂದರೆ, ಇಂಥ ಕಡೆ ಇದನ್ನು ಅಳೆದು ನೋಡಿ ಉಪಯೋಗ ಆಗಿದೆ. 2023ರಲ್ಲಿ ಅಮೆರಿಕದ ಔಷಧಿ ಇಲಾಖೆ ಎಫ್‌ಡಿಎ ಒಂದು ಬಗೆಯ ಎಎಲ್‌ಎಸ್‌ಗೆ ಟೋಫರ್ಸೆನ್ ಅನ್ನುವ ಔಷಧಿಗೆ ಬೇಗ ಒಪ್ಪಿಗೆ ಕೊಟ್ಟಿದ್ದೇ ರಕ್ತದಲ್ಲಿ ಈ ಎನ್‌ಎಫ್‌ಎಲ್ ಇಳಿದದ್ದನ್ನು ನೋಡಿ. ಅಂದರೆ ಅಳತೆ ಗಟ್ಟಿಯಾಗಿದೆ.

ತೊಂದರೆ ಇರುವುದು ಬೇರೆ ಕಡೆ. ಈ ಸರಳು ಜಾಸ್ತಿ ಇರುವುದು ದಪ್ಪ ಕಂಬಗಳಲ್ಲಿ. ಮೈಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುವ ದೊಡ್ಡ ನರದ ಎಳೆಗಳಲ್ಲಿ. ತುರಿಕೆಯ ಸುದ್ದಿ ಹೊತ್ತು ತರುವುದು ಹೆಚ್ಚಾಗಿ ಸಿ ಎಳೆಗಳು. ಅವಕ್ಕೆ ಮೈಲಿನ್ ಹೊದಿಕೆ ಇಲ್ಲ, ತೀರಾ ತೆಳುವು. ಅವು ಚರ್ಮದ ತುದಿಯಲ್ಲಿ ಸವೆದು ಹೋದರೆ ರಕ್ತದಲ್ಲಿ ಕಾಣುವಷ್ಟು ಪ್ರೋಟೀನು ಬೀಳದೇ ಇರಬಹುದು. ರಿಪೋರ್ಟು ನಾರ್ಮಲ್ ಬಂತು, ನರ ಚೆನ್ನಾಗಿದೆ ಅಂತ ಕೂರುವಂತಿಲ್ಲ.

ಲ್ಯಾಬ್_ಬೆಂಚು (ದಾವಣಗೆರೆ)

ಲ್ಯಾಬಿನವನಾಗಿ ಒಂದೆರಡು ಮಾತು. ಈ ಪ್ರೋಟೀನು ರಕ್ತದಲ್ಲಿ ಇರುವುದು ಪಿಕೋಗ್ರಾಂ ಲೆಕ್ಕದಲ್ಲಿ. ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು. ನಾವು ಥೈರಾಯ್ಡ್, ವಿಟಮಿನ್ ನೋಡುವ ಮಾಮೂಲಿ ಮೆಷಿನ್ನಿಗೆ ಇದು ಸಿಗುವುದು ಕಷ್ಟ. ಮೊದಲೆಲ್ಲಾ ಬೆನ್ನಿನಿಂದ ನೀರು ತೆಗೆದು ಅದರಲ್ಲಿ ಅಳೆಯುತ್ತಿದ್ದರು, ಅಲ್ಲಿ ಜಾಸ್ತಿ ಇರುತ್ತದೆ. 2010ರ ಸುಮಾರಿಗೆ ಸಿಮೋವಾ ಅನ್ನುವ ವಿಧಾನ ಬಂತು. ಒಂದೊಂದೇ ಅಣುವನ್ನು ಪುಟ್ಟ ಪುಟ್ಟ ಗುಳಿಗಳಲ್ಲಿ ಹಿಡಿದು ಎಣಿಸುತ್ತಾರೆ. ಆಮೇಲೇ ರಕ್ತದಲ್ಲಿ ಅಳೆಯುವುದು ಸಲೀಸಾದದ್ದು.

ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಇದು ಇಲ್ಲ. ಇಂಥ ಅಪರೂಪದ ಟೆಸ್ಟು ಬಂದರೆ ಸೀರಂ ಬೇರೆ ಮಾಡಿ, ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಹಾಕಿ ದೊಡ್ಡ ಊರಿಗೆ ಕಳಿಸುತ್ತೇವೆ. ಅಲ್ಲಿಂದ ಅವರು ಇನ್ನೆಲ್ಲಿಗೋ ಕಳಿಸುತ್ತಾರೆ. ರಿಪೋರ್ಟ್ ಬರುವ ಹೊತ್ತಿಗೆ ಯಾಕೆ ಮಾಡಿಸಿದ್ದು ಅಂತಲೇ ಜನ ಮರೆತಿರುತ್ತಾರೆ.

ಇನ್ನೊಂದು. ವಯಸ್ಸಾದಂತೆ ಈ ನಂಬರು ತಾನಾಗಿಯೇ ಏರುತ್ತದೆ. 30 ವರ್ಷದವರಿಗೆ ಜಾಸ್ತಿ ಅನ್ನಿಸುವ ನಂಬರು 67ಕ್ಕೆ ಮಾಮೂಲಿ ಇರಬಹುದು. ಕಿಡ್ನಿ ಸೋತಿದ್ದರೂ ಏರುತ್ತದೆ. ಮೈ ದಪ್ಪ ಇರುವವರಲ್ಲಿ ಸ್ವಲ್ಪ ಕಮ್ಮಿ ತೋರಿಸುತ್ತದೆ. ಮುಂಚೆ ಯಾವತ್ತೋ ಬಿದ್ದು ತಲೆಗೆ ಪೆಟ್ಟಾಗಿದ್ದರೂ ವಾರಗಟ್ಟಲೆ, ತಿಂಗಳುಗಟ್ಟಲೆ ಮೇಲೇ ಇರುತ್ತದೆ. ಎಲ್ಲಿಯ ನರ, ಯಾವ ಕಾರಣಕ್ಕೆ ಅಂತ ಅದು ಹೇಳಲ್ಲ.

ಡಯಾಲಿಸಿಸ್_ಮಗಳು (ಚಿತ್ರದುರ್ಗ)

ಕಿಡ್ನಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ತುರಿಕೆ ಅಂದರೆ ಏನು ಅಂತ ನಮ್ಮನೆಗೆ ಬಂದು ನೋಡಿ. ಅಮ್ಮ ತೆಂಗಿನಕಾಯಿ ತುರಿಮಣೆಯ ಹಿಂಬದಿಯಿಂದ ಬೆನ್ನು ಕೆರೆದುಕೊಂಡಿದ್ದಾರೆ, ನಾನೇ ಕಿತ್ತು ಬಚ್ಚಿಟ್ಟೆ. ಫಾಸ್ಫರಸ್ ನೋಡಿದರು, ಡಯಾಲಿಸಿಸ್ ಹೊತ್ತು ಜಾಸ್ತಿ ಮಾಡಿದರು, ಆಮೇಲೆ ಗ್ಯಾಬಪೆಂಟಿನ್ ಅನ್ನೋ ಮಾತ್ರೆ, ಬಹಳ ಸಣ್ಣ ಡೋಸು, ಡಯಾಲಿಸಿಸ್ ಮುಗಿದ ಮೇಲೆ ಮಾತ್ರ. ಅದು ಕಿಡ್ನಿಯಿಂದಲೇ ಹೊರಗೆ ಹೋಗಬೇಕಾದ ಔಷಧಿ, ಬೇರೆಯವರ ಡೋಸು ಇವರಿಗೆ ಕೊಟ್ಟರೆ ಎಬ್ಬಿಸಿದರೂ ಏಳದಷ್ಟು ಮಂಪರು ಬರುತ್ತದೆ ಅಂತ ಡಾಕ್ಟರು ಹೆದರಿಸಿಯೇ ಕೊಟ್ಟರು. ಅರ್ಧಕ್ಕರ್ಧ ಇಳಿದಿದೆ. ನಿದ್ದೆ ಮಾಡುತ್ತಾರೆ. ಡಿಫೆಲಿಕೆಫಾಲಿನ್ ಅಂತ ಡಯಾಲಿಸಿಸ್ ತುರಿಕೆಗೇ ಮಾಡಿದ ಇಂಜೆಕ್ಷನ್ನಿಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ ಅಂತ ಓದಿದ್ದೆ, ನಮ್ಮ ಕೈಗೆ ಸಿಕ್ಕಿಲ್ಲ.

ಇಂಥವರಿಗೆ ಆ ಟೆಸ್ಟು ಮಾಡಿದರೆ ನಂಬರು ಹೇಗೂ ಮೇಲೇ ಬರುತ್ತೆ ಅಲ್ವಾ? ಆಗ ತುರಿಕೆ ನರದ್ದೋ ಕಿಡ್ನಿಯದ್ದೋ ಅಂತ ಏನು ಗೊತ್ತಾದಂಗಾಯ್ತು?

ಲ್ಯಾಬ್_ಬೆಂಚು

ಹೌದು, ನಿಮ್ಮಮ್ಮನಿಗೆ ಮಾಡಿಸಿದರೆ ದುಡ್ಡು ಹೋಗುತ್ತದೆ ಅಷ್ಟೆ.

ಕೋಟೆ_ಕಲ್ಲು (ಚಿತ್ರದುರ್ಗ)

ಎಲ್ಲರೂ ಸೇರಿ ಟೆಸ್ಟು ಬೇಡ ಬೇಡ ಅಂತಿದ್ದೀರಿ. ನನ್ನದು ಬೇರೆ ಮಾತು. ನನ್ನ ಹೆಂಡತಿಗೆ ವರ್ಷಗಟ್ಟಲೆ ಕಡಿತ ಇತ್ತು. ಚರ್ಮ ಚೆನ್ನಾಗಿದೆ, ರಕ್ತ ಚೆನ್ನಾಗಿದೆ, ಎಲ್ಲಾ ಚೆನ್ನಾಗಿದೆ, ಆಮೇಲೆ ಒಬ್ಬ ಡಾಕ್ಟರು ಮೂಗು ಎತ್ತಿ "ಟೆನ್ಶನ್ ತಗೋಬೇಡಮ್ಮ, ಮನಸ್ಸಿಂದ ಬರೋದು" ಅಂದರು. ಆವತ್ತಿಂದ ನಮ್ಮ ಮನೆಯವರೆಲ್ಲಾ ಅದೇ ಹಾಡು. ಅತ್ತಿಗೆಯಂದಿರು ನಗಾಡಿದರು. ದೇವರು ಮಾಡಿಸಿ, ತಾಯತ ಕಟ್ಟಿಸಿ. ಅವಳು ಯಾರ ಮುಂದೆಯೂ ಕೈ ಆಡಿಸದೆ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕೆರೆದುಕೊಳ್ಳುತ್ತಿದ್ದಳು. ಆಗ ಒಂದು ಕಾಗದದ ಮೇಲೆ ಒಂದು ನಂಬರು ಇದ್ದಿದ್ದರೆ, ನೋಡ್ರಪ್ಪಾ ನರಕ್ಕೆ ಪೆಟ್ಟಾಗಿದೆ ಅಂತ ತೋರಿಸಬಹುದಿತ್ತು. ನಿಮಗೆ ಅದು ಸಣ್ಣ ವಿಷಯ. ನಮಗಲ್ಲ.

ಚರ್ಮದ_ಪಿಜಿ

ಅಣ್ಣ, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಅದೇ ಕಾರಣಕ್ಕೆ ನಾನು ಬೇಡ ಅನ್ನುತ್ತಿರುವುದು. ನಂಬರು ಮೇಲೆ ಬಂದರೆ ಸರಿ, ಅತ್ತಿಗೆಯವರ ಬಾಯಿ ಮುಚ್ಚುತ್ತದೆ. ನಾರ್ಮಲ್ ಬಂದರೆ? ತೆಳು ನರದ ತೊಂದರೆ ಇರುವವರಲ್ಲಿ ನಾರ್ಮಲ್ ಬರುವ ಸಾಧ್ಯತೆ ಚೆನ್ನಾಗೇ ಇದೆ. ಆಗ ಅದೇ ಕಾಗದ ಹಿಡಿದು "ನೋಡು, ನರವೂ ಚೆನ್ನಾಗಿದೆಯಂತೆ, ನಿನ್ನದು ನಾಟಕ" ಅನ್ನುವವರು ಮನೆಯಲ್ಲೇ ಹುಟ್ಟಿಕೊಳ್ಳುತ್ತಾರೆ. ಡಾಕ್ಟರುಗಳಲ್ಲೂ ಇದ್ದಾರೆ, ಸುಳ್ಳು ಹೇಳಲ್ಲ. ಕೈಕಾಲಿಗೆ ಕರೆಂಟು ಕೊಟ್ಟು ಮಾಡುವ ನರ್ವ್ ಕಂಡಕ್ಷನ್ ಟೆಸ್ಟಿನ ಕಥೆಯೂ ಇದೇ. ಅದು ದೊಡ್ಡ ನರ ಮಾತ್ರ ನೋಡುತ್ತದೆ. ತೆಳು ನರ ಪೂರ್ತಿ ಕೆಟ್ಟಿದ್ದರೂ ಅದರಲ್ಲಿ ಎಲ್ಲಾ ಸರಿ ಅಂತಲೇ ಬರಬಹುದು.

ತೆಳು ನರಕ್ಕೆ ಇರುವ ನೇರವಾದ ಪರೀಕ್ಷೆ ಚರ್ಮದ ಬಯಾಪ್ಸಿ. ಕಾಲಿನ ಹೊರಗಡೆ, ಪಾದದ ಗಂಟಿನಿಂದ 10 ಸೆಂಟಿಮೀಟರ್ ಮೇಲೆ, 3 ಮಿಲಿಮೀಟರ್ ಅಗಲದ ಚೂರು ತೆಗೆದು, ಪಿಜಿಪಿ 9.5 ಅನ್ನುವ ಬಣ್ಣ ಹಾಕಿ, ಮೇಲ್ಪದರಕ್ಕೆ ಏರುವ ಎಳೆಗಳನ್ನು ಒಂದೊಂದೇ ಎಣಿಸುತ್ತಾರೆ. ಅದು ಎಲ್ಲಾ ಕಡೆ ಆಗಲ್ಲ, ಎಣಿಸಲು ಪಳಗಿದ ಕಣ್ಣು ಬೇಕು.

ಕೋಟೆ_ಕಲ್ಲು

ಹಂಗಾದ್ರೆ ಅದನ್ನೇ ಮಾಡಿಸಬಹುದಲ್ಲ.

ಚರ್ಮದ_ಪಿಜಿ

ಮಾಡಿಸಬಹುದು. ಆದರೆ ಅಲ್ಲೂ ಒಂದು ತಿರುವಿದೆ, ನನಗೆ ಬಹಳ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ. ಅಕ್ಕನ ಮಾವನವರ ಕಾಲಿನ ಗಂಟುಗಳಿಗೆ ಪ್ರುರಿಗೊ ನೋಡ್ಯುಲಾರಿಸ್ ಅನ್ನುತ್ತಾರೆ ಅಂತ ನನ್ನ ಅಂದಾಜು, ನೋಡಿದವರೇ ಹೇಳಬೇಕು. ಇಂಥ ಗಂಟಿನ ಚರ್ಮವನ್ನು ತೆಗೆದು ನೋಡಿದಾಗ ಮೇಲ್ಪದರದಲ್ಲಿ ನರದ ಎಳೆಗಳು ಕಮ್ಮಿ ಇರುತ್ತವೆ. ಆದರೆ ಯಾವುದು ಮೊದಲು? ನರ ಕೆಟ್ಟು ತುರಿಕೆ ಬಂತೋ, ಕೆರೆದು ಕೆರೆದು ನರದ ತುದಿಗಳನ್ನೇ ಕಿತ್ತು ಹಾಕಿದ್ದೋ? ಗಂಟು ವಾಸಿಯಾದ ಮೇಲೆ ಅದೇ ಜಾಗದಲ್ಲಿ ಎಳೆಗಳು ಮತ್ತೆ ಬೆಳೆದದ್ದನ್ನು ನೋಡಿದ್ದಾರೆ. ಅಂದರೆ ಉಗುರಿಗೂ ಅದರಲ್ಲಿ ಪಾಲಿದೆ. ಇದೇ ಕಾರಣಕ್ಕೆ ರಕ್ತದಲ್ಲಿ ಏನೋ ಜಾಸ್ತಿ ಬಂದರೂ ಅದು ಕಾರಣವೋ ಪರಿಣಾಮವೋ ಅಂತ ತಕ್ಷಣ ಹೇಳಲಾಗುವುದಿಲ್ಲ.

ರಕ್ತದಲ್ಲಿ ನೋಡುವುದು ಎನ್‌ಎಫ್‌ಎಲ್ ಒಂದೇ ಅಲ್ಲ. ನರ್ವ್ ಗ್ರೋತ್ ಫ್ಯಾಕ್ಟರ್, ಸಬ್‌ಸ್ಟೆನ್ಸ್ ಪಿ, ತುರಿಕೆ ಎಬ್ಬಿಸುವ ಪ್ರೋಟೀನು ಐಎಲ್-31, ಇವನ್ನೂ ಅಳೆದಿದ್ದಾರೆ. ಇದರಲ್ಲಿ ಐಎಲ್-31 ಮಾತ್ರ ಔಷಧಿಯವರೆಗೂ ಬಂತು. ಅದು ಕೂರುವ ಜಾಗವನ್ನು ತಡೆಯುವ ನೆಮೋಲಿಜುಮಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಇದೇ ಗಂಟಿನ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲು 2022ರಲ್ಲಿ ಡುಪಿಲುಮಾಬ್ ಅನ್ನುವ ಇನ್ನೊಂದು ಔಷಧಿಗೆ. ತಮಾಷೆ ಅಂದರೆ ಇವನ್ನು ಶುರು ಮಾಡಲು ರಕ್ತದಲ್ಲಿ ಐಎಲ್-31 ಅಳೆಯುವುದೇ ಇಲ್ಲ. ಗಂಟು ನೋಡುತ್ತಾರೆ, ತುರಿಕೆ ಎಷ್ಟು ಅಂತ 0ಯಿಂದ 10ರ ಒಳಗೆ ರೋಗಿಯನ್ನೇ ಕೇಳುತ್ತಾರೆ. ಇವತ್ತಿಗೂ ತುರಿಕೆಗೆ ಅದೇ ಅಳತೆ. ಆದ್ದರಿಂದ ಕೋಟೆಯ ಅಣ್ಣ, ನಿಮ್ಮ ಮನೆಯವರು ಹತ್ತಕ್ಕೆ ಎಂಟು ಅಂದರೆ ಅದೇ ಲೆಕ್ಕಕ್ಕೆ ಬರುವ ನಂಬರು, ಕಾಗದ ಬೇಕಾಗಿಲ್ಲ.

ಚಳ್ಳಕೆರೆ_ಶೇಂಗಾ (ಚಳ್ಳಕೆರೆ)

ನಡುವೆ ಒಂದು ಪ್ರಶ್ನೆ. ಅಲರ್ಜಿ ಮಾತ್ರೆ ಯಾಕೆ ಕೆಲಸ ಮಾಡಲ್ಲ? ನನಗೂ ಕೊಟ್ಟಿದ್ದರು, ಹೊಲದಲ್ಲಿ ಕೂತಲ್ಲೇ ತೂಕಡಿಕೆ. ಕುತ್ತಿಗೆ, ಕಣ್ಣಿನ ರೆಪ್ಪೆ, ಮೊಣಕೈ ಮಡಿಕೆಯಲ್ಲಿ ಕಡಿತ. ಮಳೆ ಬಂದು ಕಾಂಗ್ರೆಸ್ ಗಿಡ ಎದ್ದ ಮೇಲೆ ಜಾಸ್ತಿ.

ಚರ್ಮದ_ಪಿಜಿ

ನಿಮ್ಮದು ನರದ್ದಲ್ಲ ಅಣ್ಣ, ನೀವೇ ಉತ್ತರ ಹೇಳಿಬಿಟ್ಟಿದ್ದೀರಿ. ರೆಪ್ಪೆ, ಕುತ್ತಿಗೆ, ಮಡಿಕೆ, ಕಾಂಗ್ರೆಸ್ ಗಿಡ. ಪಾರ್ಥೇನಿಯಂ ಗಾಳಿಯಲ್ಲಿ ಬಂದು ಕೂತು ಮಾಡುವ ಅಲರ್ಜಿ, ನಮ್ಮ ಬಯಲು ಸೀಮೆ ಓಪಿಡಿಯಲ್ಲಿ ದಿನಾ ನೋಡುತ್ತೇವೆ. ಬೆನ್ನಿಗೆ ಪ್ಯಾಚ್ ಹಾಕಿ ಎರಡು ದಿನ ಬಿಟ್ಟು ತೆಗೆದು ನೋಡುವ ಟೆಸ್ಟಿದೆ, ಅದನ್ನು ಮಾಡಿಸಿ. ಗಿಡ ಕೀಳುವ ಕೆಲಸ ಮನೆಯಲ್ಲಿ ಬೇರೆಯವರಿಗೆ ಬಿಡಿ. ಹೊಲದಿಂದ ಬಂದ ತಕ್ಷಣ ಮೈ ತೊಳೆದು ಬಟ್ಟೆ ಬದಲಿಸಿ. ಒಣಗಿದ ಗಿಡ ಸುಡಲೂಬೇಡಿ.

ಮಾತ್ರೆಯ ಪ್ರಶ್ನೆಗೆ. ಆ ಮಾತ್ರೆ ತಡೆಯುವುದು ಮೈಯೊಳಗೇ ಹೊರಬಂದು ತುರಿಕೆ ಎಬ್ಬಿಸುವ ಹಿಸ್ಟಮಿನ್ ಅನ್ನುವ ವಸ್ತು ಒಂದನ್ನೇ. ಪಿತ್ತದ ಗಂಧೆ ಎದ್ದರೆ, ಸೊಳ್ಳೆ ಕಚ್ಚಿದರೆ ಬರುವುದು ಹಿಸ್ಟಮಿನ್ ತುರಿಕೆ. 1997ರಲ್ಲಿ ಜರ್ಮನಿಯ ಮಾರ್ಟಿನ್ ಶ್ಮೆಲ್ಟ್ಸ್ ಮತ್ತವರ ಜೊತೆಯವರು ಹಿಸ್ಟಮಿನ್ನಿಗೆ ಎದ್ದೇಳುವ ಸಿ ಎಳೆಗಳನ್ನು ಮನುಷ್ಯರಲ್ಲೇ ಗುರುತಿಸಿದರು. ಆಮೇಲೆ ಗೊತ್ತಾಯಿತು, ತುರಿಕೆಗೆ ಇನ್ನೊಂದು ದಾರಿಯೂ ಇದೆ ಅಂತ. ಅದನ್ನು ಕಂಡುಹಿಡಿಯಲು ಬಳಸಿದ್ದು ಏನು ಗೊತ್ತಾ? ನಮ್ಮ ನಸುಗುನ್ನಿ ಕಾಯಿ! ಅದರ ಮುಳ್ಳಿನಲ್ಲಿರುವ ಮ್ಯುಕುನೈನ್ ಅನ್ನುವ ಕಿಣ್ವ ಹಿಸ್ಟಮಿನ್ ಸಹಾಯ ಇಲ್ಲದೆ ಬೇರೆ ಎಳೆಗಳನ್ನು ಕೆರಳಿಸುತ್ತದೆ. ಸ್ಕೂಲಿನಲ್ಲಿ ಯಾರದೋ ಅಂಗಿಯೊಳಗೆ ಹಾಕಿದವರಿಗೆಲ್ಲಾ ಗೊತ್ತು, ಅದಕ್ಕೆ ಯಾವ ಅಲರ್ಜಿ ಮಾತ್ರೆಯೂ ನಡೆಯಲ್ಲ. ಬಹಳ ದಿನದ ತುರಿಕೆ ಹೆಚ್ಚಾಗಿ ಈ ಎರಡನೇ ದಾರಿಯದ್ದು.

ಪಿಬಿ_ರಸ್ತೆ

ನಸುಗುನ್ನಿ ಹಾಕಿದ್ದು ನಾನಲ್ಲ, ಆದರೆ ಯಾರು ಅಂತ ನನಗೆ ಗೊತ್ತು 😄

ಸ್ಟೇರಿಂಗ್_ಬಲಗೈ (ಹಿರಿಯೂರು)

ಬಸ್ಸು ಓಡಿಸುತ್ತೇನೆ. ಬಲಗೈ ಮೊಣಕೈಯಿಂದ ಕೆಳಗೆ ಹೊರಮೈ, ಅಷ್ಟೇ ಜಾಗ, ಬೇಸಿಗೆಯಲ್ಲಿ ಹುಚ್ಚು ಹಿಡಿಸುವಷ್ಟು ಕಡಿತ. ಕಿಟಕಿ ಬಿಸಿಲು ಬೀಳುವ ಕೈ. ಕ್ರೀಮು ಎಲ್ಲಾ ದಂಡ. ಡಾಬಾದಲ್ಲಿ ತಣ್ಣನೆ ಬಾಟಲಿ ಒತ್ತಿ ಹಿಡಿದರೆ ಮಾತ್ರ ನಿಲ್ಲುತ್ತೆ, ತೆಗೆದ ಕೂಡಲೇ ಮತ್ತೆ ಶುರು. ಇದೂ ನರವಾ?

ಚರ್ಮದ_ಪಿಜಿ

ಕೇಳಿದರೆ ಪುಸ್ತಕದಲ್ಲಿ ಬರೆದ ಹಾಗೇ ಇದೆ. ಬ್ರೇಕಿಯೋರೇಡಿಯಲ್ ಪ್ರುರೈಟಸ್. ಕುತ್ತಿಗೆಯ ಮೂಳೆ ಸವೆದು ಸಿ5, ಸಿ6 ಅನ್ನುವ ಕುತ್ತಿಗೆ ಮಣಿಗಳ ಸುತ್ತಮುತ್ತ ನರ ಒತ್ತಿಕೊಂಡಿರುವುದು ಒಂದು ಕಡೆ, ಬಿಸಿಲು ಇನ್ನೊಂದು ಕಡೆ. ಐಸ್ ಇಟ್ಟರೆ ಮಾತ್ರ ನಿಲ್ಲುವುದು ಇದರ ಗುರುತು ಅಂತಲೇ ಹೇಳುತ್ತಾರೆ. ಎನ್‌ಎಫ್‌ಎಲ್ ಬೇಡ, ನಿಮ್ಮ ತಣ್ಣನೆ ಬಾಟಲಿಯೇ ಅದಕ್ಕಿಂತ ಜಾಸ್ತಿ ಹೇಳಿದೆ. ಉದ್ದ ತೋಳಿನ ಅಂಗಿ ಹಾಕಿ ಓಡಿಸಿ, ಕುತ್ತಿಗೆ ತೋರಿಸಿ. ಕ್ಯಾಪ್ಸೈಸಿನ್ ಅಂತ ಮೆಣಸಿನಕಾಯಿ ಖಾರದಿಂದಲೇ ಮಾಡಿದ ಕ್ರೀಮಿದೆ, ಡಾಕ್ಟರನ್ನು ಕೇಳಿ ನೋಡಿ. ಹಚ್ಚಿದ ಕೈ ಕಣ್ಣಿಗೆ ತಾಗಿಸಬೇಡಿ, ಮಿರ್ಚಿ ಕೊಯ್ದವರಿಗೆ ಹೇಳಬೇಕಾಗಿಲ್ಲ.

ಇದರ ಅಣ್ಣತಮ್ಮ ಒಂದಿದೆ, ಹೆಗಲ ಮೂಳೆ ಮತ್ತು ಬೆನ್ನುಮೂಳೆ ನಡುವೆ ಒಂದೇ ಕಡೆ ಅಂಗೈಯಗಲ ಕಡಿತ, ಕೈ ಎಟುಕದ ಜಾಗ, ಕಡೆಗೆ ಕಪ್ಪು ಕಲೆ. ನೊಟಾಲ್ಜಿಯಾ ಪ್ಯಾರೆಸ್ತೆಟಿಕಾ. ಅದೂ ಬೆನ್ನಿನ ನರದ್ದೇ.

ಮೆಡಿಕಲ್_ಕೌಂಟರ್ (ಹೊಳಲ್ಕೆರೆ)

ಔಷಧಿ ಅಂಗಡಿಯವನು ನಾನು. ಬೈಯಬೇಡಿ, ಹೇಳಿಬಿಡುತ್ತೇನೆ. ದಿನಕ್ಕೆ ಎಷ್ಟೋ ಜನ ಬಂದು "ಆ ತುರಿಕೆ ಟ್ಯೂಬ್ ಕೊಡಿ" ಅಂತಾರೆ. ಸ್ಟೀರಾಯ್ಡು, ಹುಳಕಡ್ಡಿ ಔಷಧಿ, ಆಂಟಿಬಯಾಟಿಕ್ ಮೂರೂ ಕಲೆಸಿದ್ದು. ಸ್ಟೀರಾಯ್ಡ್ ಮುಲಾಮುಗಳನ್ನು 2018ರಿಂದ ಚೀಟಿ ಇಲ್ಲದೆ ಮಾರುವಂತಿಲ್ಲ. ನಾನು ಚೀಟಿ ಕೇಳಿದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ನಾಲ್ಕು ದಿನ ತಣ್ಣಗಾಗಿ ಆಮೇಲೆ ಹುಳಕಡ್ಡಿ ಸೊಂಟದಿಂದ ತೊಡೆಗೆಲ್ಲಾ ಹರಡಿಕೊಂಡು ಬರುತ್ತಾರೆ. ನಿಮ್ಮ ಮಾವನವರಿಗೆ ಯಾರೂ ಅದನ್ನು ಹಚ್ಚಿಲ್ಲ ತಾನೆ?

ಮಂಡಕ್ಕಿ_ಮನೆ

ಹಚ್ಚಿದ್ದಾರೆ. ಅತ್ತೆ ತರಿಸಿದ್ದರು. ಇವತ್ತೇ ಎಸೆಯುತ್ತೇನೆ.

ನನಗೆ ಈಗ ಒಂದು ಅರ್ಥ ಆಯಿತು, ಎನ್‌ಎಫ್‌ಎಲ್ ಸದ್ಯಕ್ಕೆ ಬೇಡ. ಹಾಗಾದರೆ ಏನು ಮಾಡಿಸಲಿ? ಅಣ್ಣನಿಗೆ ಏನಾದರೂ ಹೇಳಬೇಕಲ್ಲ, ದುಡ್ಡು ಕಳಿಸಿಬಿಟ್ಟಿದ್ದಾನೆ.

ಚರ್ಮದ_ಪಿಜಿ

ಅಣ್ಣನ ದುಡ್ಡಿನಲ್ಲಿ ಕಾಲುಭಾಗವೂ ಖರ್ಚಾಗಲ್ಲ. ಆರು ವಾರ ದಾಟಿದ ತುರಿಕೆಗೆ ಮಾಮೂಲಿಯಾಗಿ ನೋಡುವುದು: ರಕ್ತದ ಕಣಗಳ ಲೆಕ್ಕ, ಉರಿಯೂತಕ್ಕೆ ಇಎಸ್‌ಆರ್, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್, ಥೈರಾಯ್ಡ್, ಕಬ್ಬಿಣಾಂಶಕ್ಕೆ ಫೆರಿಟಿನ್. ಮಾವನವರಿಗೆ ಅದರ ಜೊತೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ) ಮತ್ತು ವಿಟಮಿನ್ ಬಿ12. ಬಿ12 ಯಾಕೆ ಅಂದರೆ ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ಅದು ಇಳಿಯುತ್ತದೆ. ಮನೆಯಲ್ಲಿ ಮೊಟ್ಟೆ ಮಾಂಸ ಇಲ್ಲದಿದ್ದರೆ ಇನ್ನೂ ಜಾಸ್ತಿ ಇಳಿಯುತ್ತದೆ. ಬಿ12 ಕಮ್ಮಿಯಾದರೆ ನರ ಕೆಡುತ್ತದೆ, ಅದು ಸರಿ ಮಾಡಲು ಬರುವ ಕಾರಣ. ಎನ್‌ಎಫ್‌ಎಲ್ ಮೇಲೆ ಬಂದಿದ್ದರೂ ಮುಂದೆ ಇದನ್ನೇ ಹುಡುಕಬೇಕಿತ್ತು. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕುತ್ತಿಗೆ ಕಂಕುಳಲ್ಲಿ ಗಡ್ಡೆ, ಇವಿದ್ದರೆ ತಡ ಮಾಡದೆ ಹೇಳಿ, ಲಿಂಫೋಮಾ ಅನ್ನುವ ಕ್ಯಾನ್ಸರ್ ಕೂಡ ತುರಿಕೆಯಿಂದ ಶುರುವಾಗುವುದುಂಟು.

ಆಮೇಲೆ ಕಾಲು ಮುಟ್ಟಿ ನೋಡಲಿ. 10 ಗ್ರಾಂ ಮಾನೊಫಿಲಮೆಂಟ್ ಅಂತ ನೈಲಾನ್ ಎಳೆ ಇರುತ್ತದೆ, ಅಂಗಾಲಿಗೆ ಒತ್ತಿದರೆ ಗೊತ್ತಾಗುತ್ತದಾ ಅಂತ ಕಣ್ಣು ಮುಚ್ಚಿಸಿ ಕೇಳುತ್ತಾರೆ. 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಹೆಬ್ಬೆರಳ ಮೂಳೆಗೆ ಇಟ್ಟು ನಡುಕ ತಿಳಿಯುತ್ತದಾ ನೋಡುತ್ತಾರೆ. ಸೂಜಿ ಚುಚ್ಚು, ತಣ್ಣಗೆ ಬೆಚ್ಚಗೆ ತಿಳಿಯುತ್ತದಾ ಅಂತಲೂ ನೋಡಲಿ, ಅದು ತೆಳು ನರದ ಕೆಲಸ. ಐದು ನಿಮಿಷದ ಕೆಲಸ, ಕಾಸಿಲ್ಲ.

ಬಿಸಿನೀರು ಕಮ್ಮಿ ಮಾಡಿ. ದಾವಣಗೆರೆ ಹಿರಿಯರಿಗೆ ಹಂಡೆಯ ಸುಡು ನೀರಿಲ್ಲದೆ ಸ್ನಾನ ಆದ ಹಾಗೇ ಆಗಲ್ಲ, ಗೊತ್ತು. ಆ ಹೊತ್ತಿಗೆ ಹಿತ ಅನ್ನಿಸುತ್ತದೆ, ಆಮೇಲೆ ಚರ್ಮ ಒಣಗಿ ಎರಡು ಪಟ್ಟು ಕಡಿಯುತ್ತದೆ. ಉಗುರುಬೆಚ್ಚಗಿನ ನೀರು, ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ. ರಾತ್ರಿ ಕಾಲಿಗೆ ಹತ್ತಿ ಬಟ್ಟೆ ಸುತ್ತಿ, ಉಗುರು ಕತ್ತರಿಸಿ.

ಮಂಡಕ್ಕಿ_ಮನೆ

ಎಲ್ಲರಿಗೂ ಥ್ಯಾಂಕ್ಸ್, ರಿಪೋರ್ಟ್ ಬಂತು. ಕ್ರಿಯಾಟಿನಿನ್, ಲಿವರ್, ಥೈರಾಯ್ಡ್ ಸರಿ ಇದೆ. ಎಚ್‌ಬಿಎ1ಸಿ 9.4. ಬಿ12 148 ಬಂದಿದೆ, ರಿಪೋರ್ಟಿನಲ್ಲಿ ಕೆಳಗೆ ಬಾಣದ ಗುರುತು. ಅಂಗಾಲಿಗೆ ನೈಲಾನ್ ಎಳೆ ಒತ್ತಿದರೆ ಮಾವನಿಗೆ ಎರಡೂ ಕಾಲಲ್ಲಿ ಗೊತ್ತಾಗಲೇ ಇಲ್ಲ. ಹೆಬ್ಬೆರಳಿಗೆ ಫೋರ್ಕ್ ಇಟ್ಟರೆ "ತಣ್ಣಗಿದೆ" ಅಂದರು, ನಡುಗುತ್ತಿದೆ ಅಂತ ಹೇಳಲಿಲ್ಲ. ಡಾಕ್ಟರು ಶುಗರಿನಿಂದಲೂ ಬಿ12ನಿಂದಲೂ ನರಕ್ಕೆ ತೊಂದರೆ ಆಗಿದೆ ಅಂದರು. ಬಿ12 ಇಂಜೆಕ್ಷನ್ ಶುರು, ಶುಗರ್ ಮಾತ್ರೆ ಬದಲಿಸಿದ್ದಾರೆ, ರಾತ್ರಿಗೆ ಪ್ರಿಗ್ಯಾಬಲಿನ್ ಅನ್ನುವ ನರದ ಮಾತ್ರೆ ಸಣ್ಣ ಡೋಸು, ಗಂಟಿಗೆ ಹಚ್ಚಲು ಬೇರೆ ಕ್ರೀಮು.

ಅಣ್ಣನಿಗೆ ಹೇಳಿದೆ. ಒಪ್ಪಲಿಲ್ಲ, "ಆದರೂ ಅದೊಂದು ಮಾಡಿಸಿದ್ದರೆ" ಅಂತ ಈಗಲೂ ಅಂತಿದ್ದಾನೆ.

ಕೋಟೆ_ಕಲ್ಲು

ನಿಮ್ಮಣ್ಣನ ಕಡೆ ನಾನೂ ಇದ್ದೇನೆ ಬಿಡಿ. ಆದರೆ ಬಿ12 ನಮ್ಮ ಮನೆಯಲ್ಲಿ ಯಾರೂ ನೋಡಿಯೇ ಇರಲಿಲ್ಲ. ನಾಳೆ ಕರಕೊಂಡು ಹೋಗುತ್ತೇನೆ.

ಚರ್ಮದ_ಪಿಜಿ

9.4 ಇದೆ ಅಂತ ಗಾಬರಿಯಾಗಿ ಊಟ ಪೂರ್ತಿ ಬಿಡಿಸಿ ಒಂದೇ ತಿಂಗಳಲ್ಲಿ ಇಳಿಸಲು ಹೋಗಬೇಡಿ ಅಕ್ಕ. ಶುಗರ್ ತೀರಾ ಬೇಗ ಕೆಳಗಿಳಿದರೂ ನರದ ನೋವು ಉರಿ ಹೊಸದಾಗಿ ಏಳುವುದುಂಟು. ಡಾಕ್ಟರು ಹೇಳಿದ ವೇಗದಲ್ಲೇ ಹೋಗಲಿ. ಕಾಲಿಗೆ ಸ್ಪರ್ಶ ಇಲ್ಲ ಅಂದ ಮೇಲೆ ಬರಿಗಾಲಲ್ಲಿ ಓಡಾಡುವುದು ಬೇಡ, ಮಲಗುವ ಮುಂಚೆ ಅಂಗಾಲು ನೋಡಿ. ತುರಿಕೆ ಇಳಿಯಲು ವಾರಗಳು ಬೇಕು, ಗಂಟು ಕರಗಲು ತಿಂಗಳುಗಳು.

ಕೋಟೆಯ ಅಣ್ಣ, ಮೈಮೇಲೆ ಬಿಳಿಚಿದ ಕಲೆ ಇದ್ದು ಅಲ್ಲಿ ಸ್ಪರ್ಶವೇ ಇಲ್ಲ ಅಂದರೆ ಅದನ್ನೂ ತೋರಿಸಿ. ಕುಷ್ಠದ ಕಲೆ ಸಾಮಾನ್ಯವಾಗಿ ಕಡಿಯಲ್ಲ, ಆದರೆ ನರ ಅಂದ ಮೇಲೆ ನಮ್ಮ ದೇಶದಲ್ಲಿ ಅದನ್ನು ನೋಡದೆ ಬಿಡಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ.

ಮಂಡಕ್ಕಿ_ಮನೆ

ಒಂದು ಡೌಟು. ರಾತ್ರಿ ಮಾತ್ರೆ ತಗೊಂಡ ಮೇಲೆ ಬಚ್ಚಲಿಗೆ ಎದ್ದಾಗ ಮಾವನಿಗೆ ತಲೆ ತೂಗುತ್ತದೆ, ನಿನ್ನೆ ಗೋಡೆ ಹಿಡಿದುಕೊಂಡರು. ಮಾತ್ರೆ ನಿಲ್ಲಿಸಿಬಿಡಲಾ?

ಮೆಡಿಕಲ್_ಕೌಂಟರ್

ನೀವಾಗಿಯೇ ನಿಲ್ಲಿಸಬೇಡಿ ಅಕ್ಕ, ಆ ಮಾತ್ರೆ ಥಟ್ಟನೆ ಬಿಡುವಂಥದ್ದಲ್ಲ. ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ, ಡೋಸು ಕಮ್ಮಿ ಮಾಡುತ್ತಾರೋ ಹೊತ್ತು ಬದಲಿಸುತ್ತಾರೋ ಅವರೇ ಹೇಳಲಿ. ಹಳೆಯ ಅಲರ್ಜಿ ಮಾತ್ರೆ ಇನ್ನೂ ಜೊತೆಗೆ ನುಂಗುತ್ತಿದ್ದಾರಾ ನೋಡಿ, ಎರಡೂ ಮಂಪರೇ. ಅಲ್ಲಿಯವರೆಗೆ ಎದ್ದ ಕೂಡಲೇ ನಿಲ್ಲಬಾರದು, ಮಂಚದ ಮೇಲೆ ಸ್ವಲ್ಪ ಕೂತು ಆಮೇಲೆ ಏಳಬೇಕು. ಬಚ್ಚಲ ಲೈಟು ರಾತ್ರಿಯೆಲ್ಲಾ ಉರಿಯಲಿ.

ಮಂಡಕ್ಕಿ_ಮನೆ

ನುಂಗುತ್ತಿದ್ದಾರೆ! ದಿಂಬಿನ ಕೆಳಗೆ ಒಂದು ಶೀಟು ಸಿಕ್ಕಿತು. ಡಾಕ್ಟರಿಗೆ ಅದನ್ನೂ ಹೇಳುತ್ತೇನೆ.